ಒಂದು ದಿನ ಕೈಯಲ್ಲಿರಲಿ

ಮಳೆಗಾಲ ಮುಗೀತು, ದಸರಾ ರಜೆ ಬಂತು. ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಹುಡುಗರ ವಾಟ್ಸ್ಆ್ಯಪ್ ಗ್ರೂಪ್‌ಗಳಲ್ಲಿ ಈಗ ಒಂದೇ ಪ್ಲ್ಯಾನು: ಮುರುಡೇಶ್ವರಕ್ಕೆ ಹೋಗೋಣ, ನೇತ್ರಾಣಿಯಲ್ಲಿ ಸ್ಕೂಬಾ ಮಾಡೋಣ. ಶನಿವಾರ ರಾತ್ರಿ ಗಾಡಿ ಹತ್ತೋದು, ಭಾನುವಾರ ಬೆಳಿಗ್ಗೆ ಸಮುದ್ರಕ್ಕೆ ಇಳಿಯೋದು, ಸಂಜೆಗೆ ವಾಪಸ್, ಸೋಮವಾರ ಕೆಲಸಕ್ಕೆ ಹಾಜರ್.

ಹೋಗಿ, ಖಂಡಿತ ಹೋಗಿ. ನನ್ನ ತಕರಾರು ನೇತ್ರಾಣಿಯ ಬಗ್ಗೆ ಅಲ್ಲ, ಆ ಟೈಮ್‌ಟೇಬಲ್ ಬಗ್ಗೆ.

ನೇತ್ರಾಣಿ ಎಂಥ ಜಾಗ? ಮುರುಡೇಶ್ವರದ ತೀರದಿಂದ ಸುಮಾರು 19 ಕಿಲೋಮೀಟರ್ ದೂರ, ಅರಬ್ಬಿ ಸಮುದ್ರದ ನಡುವೆ ಎದ್ದು ನಿಂತ ಬಂಡೆಯ ದ್ವೀಪ. ಸುತ್ತ ಕಡಿದಾದ ಕಲ್ಲುಗೋಡೆ. ಬೋಟು ನೀರಿನಲ್ಲೇ ನಿಲ್ಲುತ್ತೆ, ಬೋಟಿನಿಂದಲೇ ನೀವು ನೀರಿಗೆ ಇಳೀತೀರಿ. ಕೆಳಗೆ ಹವಳ, ಚಿಟ್ಟೆಮೀನು, ಗಿಳಿಮೀನು, ಅದೃಷ್ಟ ಇದ್ದರೆ ಕಡಲಾಮೆ. ಪುನೀತ್ ರಾಜ್‌ಕುಮಾರ್ ಅವರ ‘ಗಂಧದ ಗುಡಿ’ 2022ರಲ್ಲಿ ತೆರೆಗೆ ಬಂತಲ್ಲ, ಅದರಲ್ಲಿ ಅಪ್ಪು ಇಳಿದ ಸಮುದ್ರ ಇದೇ. ಕರ್ನಾಟಕದಲ್ಲಿ ಇಂಥದ್ದೊಂದು ಲೋಕ ಇದೆ ಅಂತ ಎಷ್ಟೋ ಜನರಿಗೆ ಗೊತ್ತಾಗಿದ್ದೇ ಆ ಚಿತ್ರದಿಂದ.

ಆದರೆ ಈ ಲೋಕದ ಬಾಗಿಲು ವರ್ಷಪೂರ್ತಿ ತೆರೆದಿರೋದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಡೈವಿಂಗ್ ಬಂದ್. ಮುಂಗಾರಿನ ಗಾಳಿಗೆ ಅಲೆ ಎದ್ದು ಬೋಟನ್ನು ಬಂಡೆಗೆ ಎತ್ತಿ ಬಡಿಯುವ ಕಾಲ ಅದು. ಘಟ್ಟದ ನದಿಗಳು ಕೆಮ್ಮಣ್ಣು ತಂದು ಸುರಿದು ನೀರು ರಾಡಿ ಆಗಿರುತ್ತೆ. ಹುಟ್ಟಾ ಮೀನುಗಾರರಿಗೇ ಆಗ ರಜೆ: ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ ಇದೆ. ಅಕ್ಟೋಬರ್ ಹೊತ್ತಿಗೆ ಕಡಲು ತಣ್ಣಗಾಗುತ್ತೆ. ಡಿಸೆಂಬರ್, ಜನವರಿಯಲ್ಲಿ ನೀರು ಸಾಮಾನ್ಯವಾಗಿ ತುಂಬ ತಿಳಿಯಾಗಿರುತ್ತೆ. ಮೇ ಮುಗಿಯುವಾಗ ಮತ್ತೆ ಬಾಗಿಲು ಹಾಕುತ್ತೆ.

ಈ ಲೆಕ್ಕ ನಮ್ಮ ಭಾಗದವರಿಗೆ ಹೇಳಿಕೊಡಬೇಕಾಗಿಲ್ಲ. ನೇತ್ರಾಣಿಯನ್ನು ಮುಚ್ಚಿಸುವ ಮುಂಗಾರೇ ಸಹ್ಯಾದ್ರಿಗೆ ಬಡಿದು ಘಟಪ್ರಭೆಯಾಗಿ ನಮ್ಮ ಹಿಡಕಲ್ ಜಲಾಶಯ ತುಂಬಿಸೋದು. ಅಲ್ಲಿ ಕಡಲು ಕೆಟ್ಟಾಗಲೇ ಇಲ್ಲಿ ಗೋಕಾಕ ಫಾಲ್ಸ್ 52 ಮೀಟರ್ ಮೇಲಿಂದ ಭೋರ್ಗರೆಯೋದು. 2019ರ ಆಗಸ್ಟ್‌ನಲ್ಲಿ ಅದೇ ನೀರು ಗೋಕಾಕದ ಓಣಿಗಳಿಗೆ ನುಗ್ಗಿದ್ದನ್ನು ಯಾರು ಮರೆತಿದ್ದಾರೆ? ಹೊಳೆ ತುಂಬಿದಾಗ ಎಮ್ಮೆ ಮೈತೊಳೆಯಲು ನಾವು ನೀರಿಗೆ ಇಳಿಸ್ತೀವಾ? ಇಲ್ಲ. ನೀರಿನ ಮಾತು ಕೇಳೋದು ನಮಗೆ ಗೊತ್ತು. ಆದರೆ ಟೂರಿಗೆ ಹೊರಟಾಗ ಮರೀತೀವಿ. ಯಾಕೆ? ದುಡ್ಡು ಕಟ್ಟಿರ್ತೀವಿ, ರಜೆ ಮುಗೀತಾ ಬಂದಿರುತ್ತೆ.

ಸೀಸನ್ ಒಳ್ಳೇದಿದೆ ಅಂದ ಮಾತ್ರಕ್ಕೆ ಇವತ್ತಿನ ದಿನ ಒಳ್ಳೇದು ಅಂತಲ್ಲ. ಅಕ್ಟೋಬರ್, ನವೆಂಬರ್‌ನಲ್ಲಿ ಅರಬ್ಬಿ ಸಮುದ್ರದಲ್ಲಿ ಒಂದು ವಾಯುಭಾರ ಕುಸಿತ ಆಯ್ತು ಅಂದರೆ ಸಾಕು, ಬೋಟು ದಡದಲ್ಲೇ. 2024ರ ಡಿಸೆಂಬರ್ ನೆನಪು ಮಾಡಿಕೊಳ್ಳಿ. ಮುಳಬಾಗಿಲು ಕಡೆಯಿಂದ ಶಾಲಾ ಪ್ರವಾಸಕ್ಕೆ ಬಂದ ನಾಲ್ವರು ವಿದ್ಯಾರ್ಥಿನಿಯರು ಇದೇ ಮುರುಡೇಶ್ವರದ ತೀರದಲ್ಲಿ ಮುಳುಗಿ ತೀರಿಕೊಂಡರು. ಅವರು ಸ್ಕೂಬಾಗೆ ಹೋಗಿರಲಿಲ್ಲ, ದಡದಲ್ಲಿ ನೀರಾಟಕ್ಕೆ ಇಳಿದಿದ್ದರು. ಅದು ಮಳೆಗಾಲವೂ ಅಲ್ಲ. ಕ್ಯಾಲೆಂಡರ್ ನೋಡಿದರೆ ಸಾಲದು, ಆ ಹೊತ್ತಿನ ನೀರು ನೋಡಬೇಕು. ನೋಡಿ ಗೊತ್ತಿರುವವರು ಬೇಡ ಅಂದರೆ ಬೇಡ.

ಇನ್ನು ನೀರಿನ ಒಳಗಿನ ವಿಷಯ. ನಾನು ಎಂಜಿನಿಯರಿಂಗ್ ಓದಿದವನು, ಎರಡೇ ಎರಡು ಲೆಕ್ಕ ಹೇಳ್ತೀನಿ.

ಮೊದಲನೇದು ಉಸಿರಿನದು. 10 ಮೀಟರ್ ಆಳಕ್ಕೆ ಇಳಿದರೆ ನಿಮ್ಮ ಮೇಲಿನ ಒತ್ತಡ ಎರಡು ಪಟ್ಟು. ಅಲ್ಲಿ ಎದೆ ತುಂಬ ಉಸಿರು ಎಳೆದು, ಗಾಬರಿಯಲ್ಲಿ ಬಿಗಿಹಿಡಿದು ಮೇಲೆ ಬಂದರೆ, ಆ ಗಾಳಿ ಎರಡರಷ್ಟು ಹಿಗ್ಗೋಕೆ ನೋಡುತ್ತೆ. ಪುಪ್ಪುಸ ತಡೆಯಲ್ಲ, ಹರಿಯುತ್ತೆ. ಅದಕ್ಕೇ ತರಬೇತುದಾರರು ಮೊದಲು ಹೇಳೋದು: ಉಸಿರು ಹಿಡೀಬೇಡಿ, ಆಡ್ತಾನೇ ಇರಿ, ನಿಧಾನ ಮೇಲೆ ಬನ್ನಿ. ಮೊದಲ ಸಲದವರನ್ನು ಹೆಚ್ಚೆಂದರೆ 12 ಮೀಟರ್ ಇಳಿಸ್ತಾರೆ, ಅದೂ ಪಕ್ಕದಲ್ಲೇ ಇದ್ದು. ಈಜು ಬರದಿದ್ದರೂ ನಡೆಯುತ್ತೆ. ಆದರೆ ಅಸ್ತಮಾ, ಹೃದಯದ ತೊಂದರೆ, ಕಿವಿನೋವು, ನೆಗಡಿ ಇದ್ದರೆ ಫಾರಂನಲ್ಲಿ ಮುಚ್ಚಿಡಬೇಡಿ. ಹಿಂದಿನ ರಾತ್ರಿ ಪಾರ್ಟಿ ಬೇಡವೇ ಬೇಡ.

ಎರಡನೇದನ್ನು ನಮ್ಮ ಕಡೆಯವರು ಗಮನ ಕೊಟ್ಟು ಕೇಳಬೇಕು. ನೀರಿನ ಒಳಗೆ ಉಸಿರಾಡುವಾಗ ಹೆಚ್ಚುವರಿ ನೈಟ್ರೋಜನ್ ರಕ್ತದಲ್ಲಿ ಕರಗುತ್ತೆ. ಮೇಲೆ ಬಂದ ಮೇಲೆ ಅದು ನಿಧಾನವಾಗಿ ಹೊರಹೋಗಬೇಕು. ಒತ್ತಡ ಫಕ್ಕನೆ ಇಳಿದರೆ, ಸೋಡಾ ಬಾಟಲಿ ಮುಚ್ಚಳ ತೆಗೆದಾಗ ಗುಳ್ಳೆ ಏಳುತ್ತಲ್ಲ, ಹಾಗೇ ಮೈಯೊಳಗೆ ಗುಳ್ಳೆ ಏಳಬಹುದು. ಒಂದು ಡೈವ್ ಆದ ಮೇಲೆ ಕನಿಷ್ಠ 12 ಗಂಟೆ, ಹೆಚ್ಚು ಡೈವ್ ಮಾಡಿದ್ದರೆ 18 ಗಂಟೆ ವಿಮಾನ ಹತ್ತಬೇಡಿ ಅನ್ನೋದು ಇದಕ್ಕೇ. ‘ನಾವೇನು ವಿಮಾನದಾಗ ಹೋಗ್ತೀವೇನ್ರಿ’ ಅಂತೀರಿ. ಆದರೆ ಅಂಕೋಲಾದಿಂದ ಅರಬೈಲು ಘಟ್ಟ ಹತ್ತಿ ಯಲ್ಲಾಪುರ ಮುಟ್ಟಿದರೆ ನೀವು ಸಮುದ್ರಮಟ್ಟದಿಂದ 500 ಮೀಟರ್‌ಗೂ ಮೇಲೆ ಇರ್ತೀರಿ. ಡೈವ್ ಮಾಡಿದ ದಿನ ಘಟ್ಟ ಹತ್ತೋದಕ್ಕೂ ಎಚ್ಚರಿಕೆ ಬೇಕು. ಒಂದೇ ಸಲ, ಕಡಿಮೆ ಆಳ, ಅರ್ಧ ಗಂಟೆ ಇದ್ದವರಿಗೆ ಅಪಾಯ ಕಡಿಮೆ ನಿಜ. ಆದರೂ ತರಬೇತುದಾರರನ್ನು ಕೇಳದೆ ಗಾಡಿ ಸ್ಟಾರ್ಟ್ ಮಾಡಬೇಡಿ.

ಈಗ ಆ ಟೈಮ್‌ಟೇಬಲ್‌ಗೆ ಬರೋಣ. ಶನಿವಾರ ಹೋಗಿ ಭಾನುವಾರ ಬರೋ ಪ್ಲ್ಯಾನಿನಲ್ಲಿ ಸಮುದ್ರಕ್ಕೆ ‘ಇವತ್ತು ಬೇಡ’ ಅನ್ನೋಕೆ ಜಾಗವೇ ಇಲ್ಲ. ನಿಮ್ಮ ಮೈಗೆ ಸುಧಾರಿಸಿಕೊಳ್ಳೋಕೂ ಜಾಗ ಇಲ್ಲ. ಒಂದು ದಿನ ಹೆಚ್ಚು ಇಟ್ಟುಕೊಂಡರೆ ಎರಡೂ ಸರಿಹೋಗುತ್ತೆ. ಇವತ್ತು ಗಾಳಿ ಕೆಟ್ಟಿದ್ದರೆ ನಾಳೆ ನೋಡಬಹುದು. ಇವತ್ತೇ ಇಳಿದಿದ್ದರೆ ರಾತ್ರಿ ತಂಗಿ ನಾಳೆ ಘಟ್ಟ ಹತ್ತಬಹುದು.

ದುಡ್ಡು ಕಟ್ಟುವ ಮೊದಲು ಒಂದು ಪ್ರಶ್ನೆ ಕೇಳಿ: ಹವಾಮಾನ ಕೆಟ್ಟರೆ ದುಡ್ಡು ವಾಪಸ್ ಕೊಡ್ತೀರಾ, ದಿನ ಬದಲಿಸಿ ಕೊಡ್ತೀರಾ? ಹೌದು ಅಂದವರ ಹತ್ತಿರ ಹೋಗಿ. ಬಂದ ಗಿರಾಕಿಯನ್ನು ದಡದಲ್ಲೇ ನಿಲ್ಲಿಸಿ ‘ಇವತ್ತು ಆಗಲ್ಲ’ ಅನ್ನುವವನಿಗೆ ಆ ದಿನದ ಸಂಪಾದನೆ ಹೋಗುತ್ತೆ. ಹೋದರೂ ಹೇಳ್ತಾನಲ್ಲ, ಅವನೇ ನಂಬಿಕಸ್ಥ. ಅವನ ಮೇಲೆ ರೇಗಬೇಡಿ.

ಮನೆಯಲ್ಲಿರುವ ಅಪ್ಪ ಅವ್ವಂದಿರಿಗೂ ಒಂದು ಮಾತು. ಮಕ್ಕಳು ನೇತ್ರಾಣಿಗೆ ಹೊರಟರೆ ಹೋಗಬೇಡ ಅಂತ ತಡೀಬೇಡಿ. ಸೋಮವಾರವೂ ರಜೆ ಹಾಕು ಅನ್ನಿ.