ಅದಿರಿನ ಲೆಕ್ಕ ಯಾರ ಕೈಯಲ್ಲಿ?

ಸಾಫ್ಟ್‌ವೇರ್ ಬರೆಯುವ ನಾನು ಇವತ್ತು ಜಮೈಕಾದ ಬಾಕ್ಸೈಟ್ ಬಗ್ಗೆ ಎರಡು ಮಾತು ಹೇಳ್ತೀನಿ. ಬಾಕ್ಸೈಟ್ ಅಂದರೆ ಅಲ್ಯೂಮಿನಿಯಂ ಅದಿರು.

ಅಲ್ಲಿ ಅದನ್ನು ಅಗೆಯುತ್ತಿದ್ದದ್ದು ಅಮೆರಿಕ, ಕೆನಡಾದ ಕಂಪನಿಗಳು. 1974ರಲ್ಲಿ ಪ್ರಧಾನಿ ಮೈಕೆಲ್ ಮ್ಯಾನ್ಲಿ ಸರ್ಕಾರ ಅಲ್ಯೂಮಿನಿಯಂ ಬೆಲೆಯ ಶೇ. 7.5ರಂತೆ ಲೆವಿ ಹಾಕಿತು. ಆದರೆ ಕಂಪನಿ ಕೊಟ್ಟ ಲೆಕ್ಕವನ್ನೇ ನಂಬಿದರೆ ಲೆವಿ ಹಾಕಿ ಏನು ಬಂತು? ಪರೀಕ್ಷಿಸಲು ಸ್ವಂತ ತಜ್ಞರು ಬೇಕು. 1976ರಲ್ಲಿ ಜಮೈಕಾ ಬಾಕ್ಸೈಟ್ ಇನ್‌ಸ್ಟಿಟ್ಯೂಟ್ ಹುಟ್ಟಿತು. ಉದ್ಯಮದ ಮೇಲೆ ನಿಗಾ, ಸಂಶೋಧನೆ, ಸರ್ಕಾರಕ್ಕೆ ಸಲಹೆ, ಅಗೆದ ನೆಲವನ್ನು ಸರಿಪಡಿಸಿದ್ದಾರಾ ಎಂಬ ತಪಾಸಣೆ ಅದರ ಕೆಲಸವಾಯಿತು.

ಅದರಿಂದ ಜಮೈಕಾದ ಕಷ್ಟವೆಲ್ಲ ತೀರಲಿಲ್ಲ, ಕೆಂಪು ಕೆಸರಿನ ಕೊಳಗಳೂ ಉಳಿದವು. ಆದರೂ ಲೆಕ್ಕ ಕೇಳುವವರು ಮನೆಯವರೇ ಆದರು.

ನಮ್ಮ ಬಳ್ಳಾರಿಯಲ್ಲೋ? 2011ರಲ್ಲಿ ಲೋಕಾಯುಕ್ತ ವರದಿ ಬರುವಷ್ಟರಲ್ಲಿ ಅದಿರು ಹಡಗು ಹತ್ತಿಯಾಗಿತ್ತು. ಇಲ್ಲಿ ಕೂತಿರುವ ಇಂಜಿನಿಯರುಗಳೇ, ನಾವು ಕಲಿತ ವಿದ್ಯೆ ನಾಡಿನ ಲೆಕ್ಕಕ್ಕೂ ಬರಲಿ.