ಗರಗಸ ಹಿಡಿದ ಕುತೂಹಲ

ನಿಮ್ಮ ನಾನ್‌ಸ್ಟಿಕ್ ಕಾವಲಿಯಿಂದ ಈಗ ದೋಸೆ ಹರಿಯದೆ ಏಳುತ್ತಿರಬಹುದು. ಆ ನುಣುಪನ್ನು ಯಾರೂ ಬೇಕೆಂದು ಹುಡುಕಿದ್ದಲ್ಲ.

1938ರ ಏಪ್ರಿಲ್ 6. ಅಮೆರಿಕದ ನ್ಯೂಜೆರ್ಸಿ. ಡುಪಾಂಟ್ ಕಂಪನಿಯ ರಸಾಯನವಿಜ್ಞಾನಿ ರಾಯ್ ಪ್ಲಂಕೆಟ್ ಫ್ರಿಜ್ಜಿಗೆ ಹೊಸ ಶೀತಕ ಹುಡುಕುತ್ತಿದ್ದರು. ಅದಕ್ಕಾಗಿ ಅನಿಲ ತುಂಬಿಟ್ಟ ಸಿಲಿಂಡರಿನ ಕವಾಟ ತಿರುಗಿಸಿದರೆ ಏನೂ ಬರಲಿಲ್ಲ. ತೂಕ ನೋಡಿದರೆ, ಖಾಲಿಯೂ ಆಗಿರಲಿಲ್ಲ! ಬೇರೆಯವರಾಗಿದ್ದರೆ ಪಕ್ಕಕ್ಕಿಟ್ಟು ಇನ್ನೊಂದನ್ನು ಎತ್ತಿಕೊಳ್ಳುತ್ತಿದ್ದರೇನೋ. ಪ್ಲಂಕೆಟ್ ಮತ್ತು ಅವರ ಸಹಾಯಕ ಅದನ್ನು ಗರಗಸದಿಂದ ಕೊಯ್ದೇಬಿಟ್ಟರು. ಒಳಗೆ ಮೇಣದಂಥ ಬಿಳಿ ಪುಡಿ. ಅನಿಲದ ಅಣುಗಳು ತಾವಾಗಿಯೇ ಸರಪಳಿಯಂತೆ ಬೆಸೆದುಕೊಂಡಿದ್ದವು. ಅದೇ ಟೆಫ್ಲಾನ್, ಕಾವಲಿಯ ಆ ನುಣುಪಿನ ಮೂಲ. ಈ ಕಥೆಯಲ್ಲಿ ನನಗೆ ಬಹಳ ಪ್ರಿಯವಾದದ್ದು ಆ ಗರಗಸ.

ಟೆಫ್ಲಾನ್ ಒಲೆಯ ಮೇಲೆ ಬಂದದ್ದು 1950ರ ದಶಕದಲ್ಲಿ. ಫ್ರಾನ್ಸಿನ ಎಂಜಿನಿಯರ್ ಮಾರ್ಕ್ ಗ್ರೆಗ್ವಾರ್ ಅದನ್ನು ಮೀನುಗಾಳದ ಸಲಕರಣೆಗೆ ಬಳಿಯುತ್ತಿದ್ದಾಗ, ತನ್ನ ಬಾಣಲೆಗೂ ಹಚ್ಚಿಕೊಡಿ ಎಂದು ಮಡದಿ ಕೇಳಿದರಂತೆ.