ನಾಯಿ ಮಗುವಿನ ಹೆಸರಲ್ಲಿ, ಸಹಿ ಮಾತ್ರ ನಿಮ್ಮದು

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಹೋದ ಸಂಚಿಕೆಯಲ್ಲಿ ಮಕ್ಕಳ ಹೆಸರಲ್ಲಿ ಉಳಿತಾಯ ಮಾಡೋದರ ಬಗ್ಗೆ ಮಾತಾಡಿದ್ವಿ. ಅದಕ್ಕೆ ಬಂದ ವಾಯ್ಸ್ ಮೆಸೇಜ್‌ಗಳಲ್ಲಿ ಒಂದು, ಉಳಿತಾಯಕ್ಕೆ ಸಂಬಂಧವೇ ಇಲ್ಲದ್ದು. ಹುಬ್ಬಳ್ಳಿ ಕಡೆಯ ಕೇಳುಗರೊಬ್ಬರು ಕೇಳಿದ್ದಾರೆ: "ಅಕ್ಕಾರ, ಮಗಳಿಗೆ ಈ ಸಲ ಐದು ತುಂಬತಾವ, ಸಣ್ಣಾವಗ ಎರಡು. ಬರ್ತ್‌ಡೇಕ್ಕ ಒಂದು ಲ್ಯಾಬ್ ಮರಿ ತರೋಣಂತ ಅದೀವ್ರಿ. ಹುಡುಗ್ರಿರೋ ಮನಿಗೆ ಯಾವ ನಾಯಿ ಛಲೋ?"

ಪ್ರಶ್ನೆ ತುಂಬಾ ಇಷ್ಟ ಆಯ್ತು. ನಾನು ಪಶುವೈದ್ಯೆ ಅಲ್ಲ, ಬಿಕಾಂ ಓದಿದವಳು. ಆದ್ರೆ ಮೈಸೂರಿನ ನಮ್ಮ ಮನೆಯಲ್ಲಿ ಅಪ್ಪ, ಅಮ್ಮ, ಅಣ್ಣ, ಅತ್ತಿಗೆ, ಅವರ ಏಳು ವರ್ಷದ ಮಗಳು, ಮೂರು ವರ್ಷದ ಮಗ, ನಾನು, ಇಷ್ಟು ಜನರ ನಡುವೆ ಕೆಂಚಿ ಅನ್ನೋ ಬೀದಿತಳಿ ನಾಯಿ ಆರು ವರ್ಷದಿಂದ ಇದೆ. ಹಾಗಾಗಿ ಈ ವಾರ ನಾಯಿ ಮತ್ತೆ ಚಿಕ್ಕ ಮಕ್ಕಳ ಬಗ್ಗೆ.

ಮೊದಲು ಒಂದು ಮಾತು ನೇರವಾಗಿ ಹೇಳಿಬಿಡ್ತೀನಿ. ಮಗು ಕೇಳ್ತು ಅಂತ ನಾಯಿ ತರಬೇಡಿ. ಮನೆಯ ದೊಡ್ಡವರಿಗೆ ನಾಯಿ ಬೇಕಿದ್ರೆ ಮಾತ್ರ ತನ್ನಿ. ಬ್ಯಾಂಕಲ್ಲಿ ಮೈನರ್ ಅಕೌಂಟ್ ಇರುತ್ತಲ್ಲ, ಪಾಸ್‌ಬುಕ್ ಮೇಲೆ ಹೆಸರು ಮಗುವಿಂದು, ಸಹಿ ಗಾರ್ಡಿಯನ್‌ದು. ಮಕ್ಕಳ ನಾಯಿ ಅಂದ್ರೂ ಅಷ್ಟೇ. "ಪುಟ್ಟಿಯ ನಾಯಿ" ಅಂತ ಊರೆಲ್ಲ ಕರೀಬಹುದು, ಬೆಳಗ್ಗೆ ಆರು ಗಂಟೆಗೆ ಮಳೆ ಬರ್ತಿದ್ರೂ ಹೊರಗೆ ಕರ್ಕೊಂಡು ಹೋಗೋದು ಪುಟ್ಟಿ ಅಲ್ಲ. ಹತ್ತು ವರ್ಷ ದಾಟಿದ ಮಕ್ಕಳಿಗೆ ಬ್ಯಾಂಕು ತಾವೇ ಖಾತೆ ನಡೆಸೋಕೆ ಬಿಡಬಹುದು. ನಾಯಿ ವಿಷಯದಲ್ಲೂ ಆ ವಯಸ್ಸಿಗೆ ಸ್ವಲ್ಪ ಸ್ವಲ್ಪ ಕೆಲಸ ಒಪ್ಪಿಸಬಹುದು. ಐದು ವರ್ಷದ ಮಗುವಿಗಲ್ಲ.

ಲೆಕ್ಕ ಹಾಕಿ ನೋಡೋಣ

ನನ್ನ ಅಭ್ಯಾಸ, ಯಾವುದಕ್ಕೂ ಲೆಕ್ಕ. ನಾಯಿಮರಿ ಕೊಳ್ಳೋ ಬೆಲೆ ಇದೆಯಲ್ಲ, ಅದು ಇಡೀ ಖರ್ಚಿನಲ್ಲಿ ಚಿಕ್ಕ ಭಾಗ. ನಮ್ಮ ಕೆಂಚಿಯನ್ನು ದುಡ್ಡು ಕೊಟ್ಟು ತಂದಿಲ್ಲ. ಆದ್ರೂ ಊಟ, ಲಸಿಕೆ, ಜಂತುಹುಳದ ಔಷಧಿ, ಉಣ್ಣೆಗೆ ಮದ್ದು, ಆಗಾಗ ಡಾಕ್ಟರ್ ಫೀಸ್, ಎಲ್ಲ ಸೇರಿ ತಿಂಗಳಿಗೆ ಸರಾಸರಿ 3,000 ರೂಪಾಯಿ ಆಗುತ್ತೆ. ವರ್ಷಕ್ಕೆ 36,000. ನಾಯಿ ಹನ್ನೆರಡು ವರ್ಷ ಬದುಕಿದ್ರೆ, ಬೆಲೆ ಏರಿಕೆ ಸೇರಿಸದೇನೆ 4,32,000. ಇದು 17 ಕೆಜಿ ತೂಗೋ, ಅನ್ನ-ಮೊಟ್ಟೆ-ಚಿಕನ್ ತಿನ್ನೋ ನಾಯಿಯ ಲೆಕ್ಕ. 30 ಕೆಜಿ ತೂಗೋ ಲ್ಯಾಬ್‌ಗೆ ಇದಕ್ಕಿಂತ ಜಾಸ್ತೀನೇ.

ದುಡ್ಡಿಗಿಂತ ದೊಡ್ಡದು ಸಮಯದ ಲೆಕ್ಕ. ದಿನಕ್ಕೆ ಎರಡು ವಾಕಿಂಗ್, ಎರಡು ಊಟ, ಒಂದಿಷ್ಟು ಆಟ. ನೀವು ದೀಪಾವಳಿಗೆ ಊರಿಗೆ ಹೋದ್ರೆ ಯಾರು ನೋಡ್ಕೋತಾರೆ? ಟ್ರಾನ್ಸ್‌ಫರ್ ಆದ್ರೆ, ಬಾಡಿಗೆ ಮನೆ ಓನರ್ ಬೇಡ ಅಂದ್ರೆ? ಇಲ್ಲೆಲ್ಲ ಉತ್ತರ ಇಲ್ಲದೇ ಹೋದಾಗಲೇ ಪಟ್ಟೆ ಹಾಕಿದ ನಾಯಿಗಳು ರಿಂಗ್ ರೋಡ್ ಪಕ್ಕ ಸಿಗೋದು. ಜಾತಿ ನಾಯಿಗೆ ಬೀದಿಯಲ್ಲಿ ಬದುಕೋದು ಗೊತ್ತಿರಲ್ಲ. ಅದು ಅಲ್ಲೇ ಕೂತು ಕಾಯುತ್ತೆ.

ಯಾವ ತಳಿ ಅನ್ನೋ ಪ್ರಶ್ನೆ

ನಮ್ಮಲ್ಲಿ ತಳಿಗಳಿಗೂ ಫ್ಯಾಷನ್ ಇದೆ. 2003ರ ಸುಮಾರಿಗೆ ಹಚ್ ಜಾಹೀರಾತಿನಲ್ಲಿ ಹುಡುಗನ ಹಿಂದೆ ಹಿಂದೆ ಓಡಿದ ಪಗ್‌ಗೆ ನಮ್ಮ ಊರುಗಳಲ್ಲಿ ಇವತ್ತಿಗೂ 'ಹಚ್ ನಾಯಿ' ಅಂತಾನೇ ಹೆಸರು. ನೋಡೋಕೆ ಮುದ್ದು, ಆದ್ರೆ ಆ ಚಪ್ಪಟೆ ಮೂತಿಯಿಂದಾಗಿ ಅದಕ್ಕೆ ಉಸಿರಾಟ ಕಷ್ಟ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಅದರ ಪಾಡು ಯೋಚಿಸಿ. ಹಸ್ಕಿ, ಸೇಂಟ್ ಬರ್ನಾರ್ಡ್ ಮಂಜಿನ ದೇಶದ ಮೈಕಟ್ಟಿನವು, ಎಸಿ ಹಾಕಿ ಸಾಕೋದು ಸಾಕಣೆ ಅಲ್ಲ.

ಲ್ಯಾಬ್ ಸ್ವಭಾವ ನಿಜಕ್ಕೂ ಒಳ್ಳೇದು, ಜನರಂದ್ರೆ ಅದಕ್ಕೆ ಪ್ರಾಣ. '777 ಚಾರ್ಲಿ' ನೋಡಿದ ಮೇಲೆ ಯಾರಿಗೆ ಬೇಡ ಅನ್ಸುತ್ತೆ ಹೇಳಿ. ಆದ್ರೆ ಅದೇ ಸಿನಿಮಾ ನಾಯಿಮರಿ ವ್ಯಾಪಾರದ ಕರಾಳ ಮುಖವನ್ನೂ ತೋರಿಸಿತ್ತು, ಅದನ್ನು ಮರೀಬಾರ್ದು. ಎಂಟು ತಿಂಗಳ ಲ್ಯಾಬ್ ಖುಷಿಯಿಂದ ಓಡಿ ಬಂದ್ರೆ ಎರಡು ವರ್ಷದ ಮಗು ಉರುಳಿ ಬೀಳುತ್ತೆ. ಕಚ್ಚೋ ಉದ್ದೇಶ ಇಲ್ಲ, ತೂಕ ಅಷ್ಟಿರುತ್ತೆ.

ನಮ್ಮದೇ ಮುಧೋಳ ನಾಯಿ? ಬಾಗಲಕೋಟೆ ಜಿಲ್ಲೆಯ ಹೆಮ್ಮೆ. 2005ರಲ್ಲಿ ಅಂಚೆ ಚೀಟಿ ಮೇಲೆ ಬಂತು, ಆಮೇಲೆ ಸೇನೆಗೂ ಹೋಯ್ತು. ಆದ್ರೆ ಅದು ಬೇಟೆಗಾಗಿ ಬೆಳೆದ ತಳಿ, ಓಡೋ ಜೀವ. ಹೊಲ-ತೋಟ ಇದ್ದವರಿಗೆ ಸರಿ, ಎರಡು ಬೆಡ್‌ರೂಮಿನ ಫ್ಲ್ಯಾಟಿಗೆ ಅಲ್ಲ.

ಬೀದಿತಳಿ ನಾಯಿ, ಅಂದ್ರೆ ಇಂಡೀ, ನಮ್ಮ ಹವೆಗೆ ಒಗ್ಗಿಕೊಂಡಿರುತ್ತೆ, ಆರೋಗ್ಯದ ತಾಪತ್ರಯ ಕಡಿಮೆ. ಹಾಗಂತ ಎಲ್ಲ ಇಂಡೀಗಳೂ ಮಕ್ಕಳ ಜೊತೆ ಹೊಂದಿಕೊಳ್ತವೆ ಅಂತಲೂ ಅಲ್ಲ. ಚಿಕ್ಕಂದಿನಲ್ಲಿ ಕಲ್ಲೇಟು ತಿಂದಿದ್ರೆ ಮಕ್ಕಳ ಕಂಡ್ರೆ ಹೆದರುತ್ತೆ.

2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ 23 'ಅಪಾಯಕಾರಿ' ತಳಿಗಳ ನಿಷೇಧಕ್ಕೆ ಸುತ್ತೋಲೆ ಕಳಿಸಿದ್ದು, ಏಪ್ರಿಲ್‌ನಲ್ಲಿ ನಮ್ಮ ಹೈಕೋರ್ಟ್ ಅದನ್ನು ರದ್ದು ಮಾಡಿದ್ದು ನೆನಪಿರಬಹುದು. ಆ ವಾದ ಬೇರೆ. ಆದ್ರೆ ಅದರಿಂದ ತುಂಬ ಜನ, ಪಟ್ಟಿಯಲ್ಲಿಲ್ಲದ ನಾಯಿ ಅಂದ್ರೆ ಮಕ್ಕಳಿಗೆ ಸೇಫ್ ಅಂದ್ಕೊಂಡ್ರು. ಕಚ್ಚದ ತಳಿ ಅಂತ ಯಾವುದೂ ಇಲ್ಲ.

ಹಾಗಾದ್ರೆ ಹುಬ್ಬಳ್ಳಿ ಅಣ್ಣನಿಗೆ ನನ್ನ ಉತ್ತರ ಏನು? ಸಣ್ಣವನಿಗೆ ನಾಲ್ಕೋ ಐದೋ ಆಗೋವರೆಗೆ ಕಾಯಿರಿ. ಈಗ ಮರಿ ತಂದ್ರೆ ಮನೆಯಲ್ಲಿ ಇಬ್ಬರು ಕೂಸುಗಳು, ಒಂದಕ್ಕೆ ಚೂಪು ಹಲ್ಲು ಬೇರೆ. ಆರು ತಿಂಗಳು ಏಳು ತಿಂಗಳು, ಹಲ್ಲು ಬದಲಾಗೋವರೆಗೆ ಮರಿ ಎಲ್ಲದಕ್ಕೂ ಬಾಯಿ ಹಾಕುತ್ತೆ. ಕಾಯೋಕೆ ಆಗಲ್ಲ ಅಂದ್ರೆ, ಎರಡು ವರ್ಷ ದಾಟಿದ, ಮಕ್ಕಳಿರೋ ಮನೆಯಲ್ಲಿ ಇದ್ದು ಅಭ್ಯಾಸ ಆದ ನಾಯಿಯನ್ನು ದತ್ತು ತಗೊಳ್ಳಿ. ಅದರ ಗುಣ ಏನು ಅಂತ ಆಗಲೇ ಗೊತ್ತಿರುತ್ತೆ. ಎರಡು ಮೂರು ಸಲ ಮಕ್ಕಳನ್ನ ಕರ್ಕೊಂಡು ಹೋಗಿ ನೋಡಿ. ತಾನಾಗೇ ಹತ್ತಿರ ಬಂದು, ಬಾಲ ಸಡಿಲವಾಗಿ ಆಡಿಸುತ್ತಾ ನಿಲ್ಲೋ ನಾಯಿ ನಿಮಗೆ. ಮೂಲೆ ಸೇರೋದು ಬೇಡ, ಮೈಮೇಲೆ ಎಗರೋದೂ ಬೇಡ.

ಮರಿಯನ್ನೇ ಕೊಳ್ಳೋದಾದ್ರೆ ಎರಡು ವಿಷಯ. 2017ರ ಕೇಂದ್ರ ನಿಯಮದ ಪ್ರಕಾರ ಬ್ರೀಡರ್ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಿರಬೇಕು, ಎಂಟು ವಾರ ತುಂಬದ ಮರಿ ಮಾರೋ ಹಾಗಿಲ್ಲ. ತಾಯಿ ನಾಯಿಯನ್ನು ತೋರಿಸಿ ಅಂತ ಕೇಳಿ. ತೋರಿಸಲ್ಲ ಅಂದ್ರೆ ಎದ್ದು ಬನ್ನಿ. ಬೇಗ ತಾಯಿಯಿಂದ ಬಿಡಿಸಿದ ಮರಿ ಎಷ್ಟು ಜೋರಾಗಿ ಕಚ್ಚಿದ್ರೆ ನೋವಾಗುತ್ತೆ ಅನ್ನೋದನ್ನ ಒಡಹುಟ್ಟಿದ ಮರಿಗಳಿಂದ ಕಲಿತಿರಲ್ಲ.

ಮನೆಗೆ ಬಂದ ಮೇಲೆ

ನಮ್ಮ ಮನೆಯಲ್ಲಿ ಒಂದು ನಿಯಮಕ್ಕೆ ವಿನಾಯಿತಿ ಇಲ್ಲ. ಮೂರು ವರ್ಷದವನು ಮತ್ತೆ ಕೆಂಚಿ ಒಂದು ಕೋಣೆಯಲ್ಲಿ ಇಬ್ಬರೇ ಇರೋ ಹಾಗಿಲ್ಲ. ಒಂದು ನಿಮಿಷ ಹಾಲು ಉಕ್ಕುತ್ತೆ ಅಂತ ಅಡುಗೆಮನೆಗೆ ಓಡಬೇಕಾದ್ರೆ, ಇಬ್ಬರಲ್ಲಿ ಒಬ್ಬರನ್ನ ಜೊತೆಗೆ ಕರ್ಕೊಂಡು ಹೋಗೋದು. ಆರು ವರ್ಷ ಏನೂ ಮಾಡದ ನಾಯಿ ಅಂತ ಅಮ್ಮ ಮೊದಲು ಗೊಣಗ್ತಿದ್ರು. "ನಾಯಿ ಮೇಲೆ ನಂಬಿಕೆ ಇದೆ ಕಣಮ್ಮ, ನಿನ್ನ ಮೊಮ್ಮಗನ ಮೇಲೆ ಇಲ್ಲ" ಅಂದೆ. ಅವನು ಬಾಲ ಎಳೀತಾನೆ, ಕಿವಿಯೊಳಗೆ ಬೆರಳು ಹಾಕ್ತಾನೆ. ಪುಟ್ಟ ಮಕ್ಕಳ ಮುಖ ನಾಯಿಯ ಬಾಯಿಯ ಎತ್ತರದಲ್ಲೇ ಇರುತ್ತೆ. ಅದಕ್ಕೇ ಅವರಿಗೆ ಗಾಯ ಆದ್ರೆ ಮುಖ, ತಲೆ, ಕುತ್ತಿಗೆಗೇ ಆಗೋದು ಹೆಚ್ಚು.

ನಾಯಿ "ಇದ್ದಕ್ಕಿದ್ದ ಹಾಗೆ ಕಚ್ಚಿತು" ಅಂತೀವಿ. ಸಾಮಾನ್ಯವಾಗಿ ಅದು ಮುಂಚೆಯೇ ಹೇಳಿರುತ್ತೆ, ನಮಗೆ ಓದೋಕೆ ಬಂದಿರಲ್ಲ. ಮುಖ ಆಚೆ ತಿರುಗಿಸುತ್ತೆ. ಊಟ ಇಲ್ಲದಿದ್ರೂ ತುಟಿ ನೆಕ್ಕುತ್ತೆ, ನಿದ್ದೆ ಇಲ್ಲದಿದ್ರೂ ಆಕಳಿಸುತ್ತೆ. ಕಣ್ಣಿನ ಬಿಳಿಭಾಗ ಕಾಣೋ ಹಾಗೆ ಓರೆಯಾಗಿ ನೋಡುತ್ತೆ. ಮೈ ಮರಗಟ್ಟಿದ ಹಾಗೆ ನಿಲ್ಲುತ್ತೆ. ಆಮೇಲೆ ಗುರ್ ಅನ್ನುತ್ತೆ. ಗುರ್ ಅಂದಾಗ ನಾಯಿಗೆ ಹೊಡೀಬೇಡಿ, ಮಗುವನ್ನು ದೂರ ಕರ್ಕೊಳ್ಳಿ. ಗುರ್ ಅಂದಿದ್ದಕ್ಕೆ ಏಟು ತಿಂದ ನಾಯಿ ಮುಂದಿನ ಸಲ ಗುರ್ ಅನ್ನದೇ ಕಚ್ಚಬಹುದು.

ಮಕ್ಕಳಿಗೆ ನಾವು ಕಲಿಸಿರೋದು ಇಷ್ಟೇ: ಕೆಂಚಿ ತಿನ್ನುವಾಗ, ಮಲಗಿದಾಗ, ಅದರ ಚಾಪೆ ಮೇಲಿದ್ದಾಗ ಮುಟ್ಟೋ ಹಾಗಿಲ್ಲ. ಕುತ್ತಿಗೆಗೆ ಕೈ ಹಾಕಿ ತಬ್ಬಿಕೊಳ್ಳೋದು ಬೇಡ, ನಮಗೆ ಅದು ಪ್ರೀತಿ, ತುಂಬಾ ನಾಯಿಗಳಿಗೆ ಅದು ಹಿಡಿದು ಹಾಕಿದ ಹಾಗೆ. ಎದೆ ಹತ್ತಿರ ಮೂರು ಎಣಿಸೋವಷ್ಟು ಹೊತ್ತು ಸವರಿ, ಕೈ ತೆಗೀಬೇಕು. ಅದು ಮತ್ತೆ ಒರಗಿಕೊಂಡು ಬಂದ್ರೆ ಮಾತ್ರ ಮುಂದುವರಿಸೋದು. ನಮ್ಮ ಏಳು ವರ್ಷದವಳು ಈಗ ಮನೆಗೆ ಬಂದ ಗೆಳತಿಯರಿಗೆ ಪಾಠ ಮಾಡ್ತಾಳೆ: "ಒಂದು, ಎರಡು, ಮೂರು, ಸ್ಟಾಪ್! ಈಗ ಅದನ್ನ ಕೇಳು." ಹಬ್ಬದ ದಿನ ನೆಂಟರು, ಪಟಾಕಿ, ಗದ್ದಲ ಇದ್ರೆ ಕೆಂಚಿ ಒಳಗಿನ ಕೋಣೆಯಲ್ಲಿ, ಬಾಗಿಲು ಹಾಕಿ, ಫ್ಯಾನ್ ಓಡ್ತಿರುತ್ತೆ. ಅದು ಶಿಕ್ಷೆ ಅಲ್ಲ, ಅದಕ್ಕೂ ನೆಮ್ಮದಿ.

ಊಟದ ವಿಷಯದಲ್ಲೂ ಮಕ್ಕಳ ಮೇಲೆ ಕಣ್ಣಿರಲಿ. ಒಣದ್ರಾಕ್ಷಿ, ಚಾಕೊಲೇಟ್, ಈರುಳ್ಳಿ, ಬೆಳ್ಳುಳ್ಳಿ ನಾಯಿಗೆ ವಿಷ. ಪಾಯಸದಲ್ಲಿ ದ್ರಾಕ್ಷಿ ಇರುತ್ತೆ, ಸಾಂಬಾರಿನಲ್ಲಿ ಈರುಳ್ಳಿ ಇರುತ್ತೆ, ಮಗು ಪ್ರೀತಿಯಿಂದಲೇ ಕೊಡುತ್ತೆ. ಬೇಯಿಸಿದ ಕೋಳಿ ಮೂಳೆ ಸೀಳಿ ಕರುಳಿಗೆ ಚುಚ್ಚಬಹುದು. ನಾಯಿಗೆ ಜ್ವರ ಅಂತ ಮನೆಯ ಪ್ಯಾರಾಸಿಟಮಾಲ್ ಕೊಡಲೇಬೇಡಿ.

ಲಸಿಕೆ, ಮತ್ತೆ ಒಂದು ಗೀರು

ಮರಿಗೆ ಆರರಿಂದ ಎಂಟು ವಾರಕ್ಕೆ ಲಸಿಕೆ ಶುರು. ಪಾರ್ವೋ, ಡಿಸ್ಟೆಂಪರ್‌ಗೆ ಮೂರು ನಾಲ್ಕು ವಾರಕ್ಕೊಮ್ಮೆ, ನಾಲ್ಕು ತಿಂಗಳವರೆಗೆ. ರೇಬಿಸ್ ಲಸಿಕೆ ಮೂರು ತಿಂಗಳಿಗೆ, ಆಮೇಲೆ ಡಾಕ್ಟರ್ ಹೇಳಿದ ಹಾಗೆ ಪ್ರತಿ ವರ್ಷ. ಸೆಪ್ಟೆಂಬರ್ 28 ವಿಶ್ವ ರೇಬಿಸ್ ದಿನ, ಆ ಹೊತ್ತಿಗೆ ಸರ್ಕಾರಿ ಪಶು ಆಸ್ಪತ್ರೆಗಳಲ್ಲಿ ಉಚಿತ ಶಿಬಿರ ನಡೆಯೋದುಂಟು, ವಿಚಾರಿಸಿ. ಜಂತುಹುಳದ ಔಷಧಿ ತಪ್ಪಿಸಬೇಡಿ. ನಾಯಿಯ ಹುಳದ ಮೊಟ್ಟೆ ಮಣ್ಣಿಂದ ಮಗುವಿನ ಬಾಯಿಗೆ ಹೋಗುತ್ತೆ. ನಾಯಿ ಜೊತೆ ಆಡಿದ ಮೇಲೆ ಸೋಪು ಹಾಕಿ ಕೈ ತೊಳೆಯೋದು ರೂಢಿಯಾಗಬೇಕು.

ಈಗ ನಾನು ಹೇಳೋದನ್ನ ದಯವಿಟ್ಟು ಗಮನ ಇಟ್ಟು ಕೇಳಿ. ರೇಬಿಸ್ ಲಕ್ಷಣ ಶುರುವಾದ ಮೇಲೆ ಬದುಕಿಸೋಕೆ ಮದ್ದಿಲ್ಲ. ಆದ್ರೆ ಕಚ್ಚಿದ ಕೂಡಲೇ ಸರಿಯಾಗಿ ಚಿಕಿತ್ಸೆ ಆದ್ರೆ ತಡೀಬಹುದು. ಶಂಕಿತ ಪ್ರಾಣಿಗಳಿಂದ ಕಚ್ಚಿಸಿಕೊಂಡವರಲ್ಲಿ ಸುಮಾರು 40 ಪರ್ಸೆಂಟ್ 15 ವರ್ಷದೊಳಗಿನ ಮಕ್ಕಳು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ. ನಿಮ್ಮದೇ ನಾಯಿ ಇರಲಿ, ಬೀದಿ ನಾಯಿ ಇರಲಿ, ಹಲ್ಲು ತಾಗಿ ಚರ್ಮ ತರಚಿದ್ರೂ ಸಾಕು, ಹರಿಯೋ ನೀರಲ್ಲಿ ಸೋಪು ಹಾಕಿ 15 ನಿಮಿಷ ತೊಳೀರಿ. ಅರಿಶಿನ ಬೇಡ, ಸುಣ್ಣ ಬೇಡ, ಖಾರದ ಪುಡಿ ಬೇಡ. ಅವತ್ತೇ ಆಸ್ಪತ್ರೆಗೆ ಹೋಗಿ. ಸರ್ಕಾರಿ ಆಸ್ಪತ್ರೆಯಲ್ಲಿ ಲಸಿಕೆ ಉಚಿತ. ಚರ್ಮದೊಳಗೆ ಕೊಡೋ ಲಸಿಕೆಯಾದ್ರೆ ಮೊದಲ ದಿನ, ಆಮೇಲೆ 3, 7, 28ನೇ ದಿನ. ರಕ್ತ ಬಂದಿದ್ರೆ ಗಾಯದ ಸುತ್ತ ಇಮ್ಯುನೋಗ್ಲಾಬ್ಯುಲಿನ್ ಕೂಡ ಕೊಡಬೇಕಾಗುತ್ತೆ, ಡಾಕ್ಟರನ್ನ ನೀವೇ ಕೇಳಿ. ನಮ್ಮ ನಾಯಿಗೆ ಲಸಿಕೆ ಆಗಿದೆಯಲ್ಲ ಅಂತ ನೀವೇ ತೀರ್ಮಾನ ಮಾಡಬೇಡಿ, ಕಾರ್ಡ್ ತಗೊಂಡು ಹೋಗಿ ಅವರಿಗೆ ತೋರಿಸಿ.

ಇಲ್ಲಿ ತುಂಬ ಜನ ಯೋಚನೆ ಮಾಡದ ಒಂದು ವಿಷಯ ಇದೆ. ನಾಯಿಯನ್ನು ತುಂಬಾ ಹಚ್ಚಿಕೊಂಡ ಮಗು ಗೀರಿದ್ದನ್ನ ಮುಚ್ಚಿಡಬಹುದು. ಹೇಳಿದ್ರೆ ನಾಯಿಯನ್ನ ಕಳಿಸಿಬಿಡ್ತಾರೆ, ಅಥವಾ ನನಗೇ ಬೈತಾರೆ ಅನ್ನೋ ಭಯ. "ಹೀಗೇ ಮಾಡಿದ್ರೆ ನಾಯಿನ ಬಿಟ್ಟು ಬರ್ತೀನಿ ನೋಡು" ಅಂತ ನಾವು ದೊಡ್ಡವರು ತಮಾಷೆಗೆ ಹೆದರಿಸ್ತೀವಲ್ಲ, ಆ ಮಾತಿನ ಬೆಲೆ ಇದು. ನಮ್ಮ ಅತ್ತಿಗೆ ಇಬ್ಬರಿಗೂ ಪದೇ ಪದೇ ಹೇಳ್ತಾರೆ: "ಕೆಂಚಿ ಹಲ್ಲು ತಾಗಿದ್ರೆ ಓಡಿ ಬಂದು ನಂಗೆ ಹೇಳ್ಬೇಕು. ನಿಂಗೂ ಬೈಯಲ್ಲ, ಕೆಂಚೀನೂ ಎಲ್ಲೂ ಕಳಿಸಲ್ಲ." ನಾಯಿ ಇರೋ ಪ್ರತಿ ಮನೆಯಲ್ಲೂ ಈ ಮಾತು ಮಕ್ಕಳ ಕಿವಿಗೆ ಬೀಳ್ತಾ ಇರಬೇಕು.

ಇಷ್ಟೆಲ್ಲ ಕೇಳಿ, ಯಪ್ಪಾ ಬೇಡಪ್ಪಾ ನಾಯಿ ಸಹವಾಸ ಅನ್ನಿಸಿತಾ? ಅನ್ನಿಸಿದ್ರೆ ತಪ್ಪೇನಿಲ್ಲ, ಅದೂ ಒಳ್ಳೇ ತೀರ್ಮಾನವೇ. ಇಲ್ಲ, ನಮಗೆ ಬೇಕೇ ಬೇಕು ಅನ್ನೋರು ಇವತ್ತು ರಾತ್ರಿ ಊಟ ಆದ ಮೇಲೆ ಒಂದು ಹಾಳೆ ತಗೊಳ್ಳಿ. ಬೆಳಗಿನ ವಾಕ್, ಸಂಜೆ ವಾಕ್, ಊಟ, ಗಲೀಜು ತೆಗೆಯೋದು, ಡಾಕ್ಟರ್ ಹತ್ರ ಓಡಾಟ, ಊರಿಗೆ ಹೋದಾಗ ನೋಡ್ಕೊಳ್ಳೋದು, ಈ ಆರು ಕೆಲಸ ಬರೀರಿ. ಪ್ರತಿಯೊಂದರ ಮುಂದೆ ಮನೆಯ ದೊಡ್ಡವರೊಬ್ಬರು ಸಹಿ ಹಾಕಲಿ. ಆರಕ್ಕೆ ಆರೂ ಸಹಿ ಬಿದ್ರೆ, ನಾಯಿ ಹುಡುಕೋಕೆ ಶುರು ಮಾಡಿ. ಒಂದು ಜಾಗ ಖಾಲಿ ಉಳಿದ್ರೆ, ಬರ್ತ್‌ಡೇಗೆ ಸೈಕಲ್ ಕೊಡಿಸಿ.

ನಿಮ್ಮ ಮನೆಯ ಹಾಳೆಯಲ್ಲಿ ಯಾವ ಜಾಗ ಖಾಲಿ ಉಳೀತು ಅಂತ ವಾಯ್ಸ್ ಮೆಸೇಜ್ ಕಳಿಸಿ, ಕೇಳೋಕೆ ಕುತೂಹಲ ಇದೆ. ಮುಂದಿನ ವಾರ ಸಿಗೋಣ. ನಮಸ್ಕಾರ.